ಅಮ್ಮನ ಹಾಡಿಗೆ ಲ್ಯಾಪ್‌ಟಾಪ್ ಗಿಟಾರ್

ನಮ್ಮಮ್ಮ ಊರಿಂದ ವಾಟ್ಸಾಪಲ್ಲಿ ಭಾವಗೀತೆ ಹಾಡಿ ಕಳಿಸ್ತಾರೆ. ಇಲ್ಲಿ ಕಲೂರ್‌ನ ಫ್ಲಾಟಿನಲ್ಲಿ ಅದಕ್ಕೆ ಗಿಟಾರ್ ಸೇರಿಸೋದು ನನ್ನ ಕೆಲಸ. ಆಫೀಸ್ ಮುಗಿಸಿ ರಾತ್ರಿ ಹನ್ನೊಂದಕ್ಕೆ ನಿಜವಾದ ಗಿಟಾರ್ ಬಾರಿಸಿದರೆ ಪಕ್ಕದ ಮನೆಯವರು ಬಿಡ್ತಾರಾ? ಅದಕ್ಕೇ ವರ್ಚುವಲ್ ಗಿಟಾರ್, ಜೊತೆಗೊಂದು ಹೆಡ್‌ಫೋನ್.

ಉಚಿತವಾಗಿ ಸಿಗೋ ಆಂಪಲ್ ಗಿಟಾರ್ ಎಂ ಲೈಟ್ ಇದೆಯಲ್ಲ, ಅದರೊಳಗಿರೋದು ನಿಜವಾದ ಮಾರ್ಟಿನ್ ಡಿ-41 ಗಿಟಾರಿನ ರೆಕಾರ್ಡಿಂಗ್. ಆದರೂ ಕೇಳಿದವರು ‘ಇದು ಕೀಬೋರ್ಡಾ?’ ಅಂತಾರೆ. ಯಾಕಂದ್ರೆ ದನಿ ಗಿಟಾರಿನದು, ಕೈ ಕೀಬೋರ್ಡಿನದು.

ಕೀಬೋರ್ಡಲ್ಲಿ ಸಿ ಕಾರ್ಡ್ ಅಂದ್ರೆ ಹತ್ತಿರ ಹತ್ತಿರದ ಮೂರು ಸ್ವರ: ಸಿ, ಇ, ಜಿ. ಗಿಟಾರಿನಲ್ಲಿ ಐದು ತಂತಿ: ಸಿ, ಇ, ಜಿ, ಮತ್ತೆ ಸಿ, ಇ. ಅವು ಒಂದೇ ಕ್ಷಣಕ್ಕೆ ಮೊಳಗಲ್ಲ. ಕೈ ಕೆಳಗೆ ಬರುವಾಗ ದಪ್ಪ ತಂತಿ ಮೊದಲು, ಮೇಲೆ ಹೋಗುವಾಗ ತೆಳು ತಂತಿ ಮೊದಲು. ಹಾಗಾಗಿ ನೋಟುಗಳ ನಡುವೆ ಐದಾರು ಮಿಲಿಸೆಕೆಂಡ್ ಅಂತರ ಬಿಡಿ. ಮೇಲಿನ ಸ್ಟ್ರೋಕಿಗೆ ಮೂರೇ ತಂತಿ ಸಾಕು, ವೆಲಾಸಿಟಿಯನ್ನೂ ತಗ್ಗಿಸಿ.

ಇನ್ನೊಂದು ಮುಖ್ಯ ಮಾತು. ಅಮ್ಮ ಮೆಟ್ರೊನೋಮ್ ಇಟ್ಕೊಂಡು ಹಾಡಿರಲ್ಲ. ಉಸಿರು ತಗೊಳ್ಳೋ ಕಡೆ ನಿಲ್ತಾರೆ, ಇಷ್ಟವಾದ ಸಾಲನ್ನು ಎಳೀತಾರೆ. ಆ ದನಿಯನ್ನು ಕತ್ತರಿಸಿ ಗ್ರಿಡ್‌ಗೆ ಕೂರಿಸಿದರೆ ತಾಳ ಸರಿಹೋಗುತ್ತೆ, ಅಮ್ಮ ಹೋಗಿಬಿಡ್ತಾರೆ. ಅದರ ಬದಲು ಹಾಡು ಕೇಳ್ತಾ ಟೆಂಪೋ ಮ್ಯಾಪ್ ಮಾಡಿ, ಗಿಟಾರನ್ನೇ ಅವರ ಹಿಂದೆ ನಡೆಸಿ. ಶ್ರುತಿ ಡಿ ಶಾರ್ಪ್ ಇದ್ದರೆ, ಕ್ಯಾಪೋ ಹಾಕಿದ ಹಾಗೆ ಸಿ ಆಕಾರದ ಕಾರ್ಡನ್ನೇ ಮೂರು ಸೆಮಿಟೋನ್ ಮೇಲೆತ್ತಿ.

ಈ ವಾರ ಒಂದು ಪಲ್ಲವಿ ಮಾತ್ರ ಮಾಡಿ ನೋಡಿ. ಹಾಡಿದವರಿಗೇ ಮೊದಲು ಕಳಿಸಿ.