ಹಾಡಿಗೆ ಆಸರೆಯಾಗುವ ಕೈ

(ಅಡ್ವೆಂಟಿನ ಮೊದಲನೆಯ ಭಾನುವಾರ ಸಂಜೆ, ನೀಲಗಿರಿಯ ಒಂದು ಚಹಾ ತೋಟದ ಪ್ರಾರ್ಥನಾ ಮಂದಿರದಲ್ಲಿ ಕೂಡಿದ ಕುಟುಂಬಗಳ ಮುಂದೆ ಮಾಡಿದ ಭಾಷಣ)



ವಾರಕ್ಕೊಂದು ಸಿಗುವ ರಜೆಯ ಸಂಜೆಯನ್ನು ಬಿಟ್ಟುಕೊಟ್ಟು ಬಂದಿದ್ದೀರಿ. ಆದುದರಿಂದ ಉದ್ದ ಮಾತನಾಡುವುದಿಲ್ಲ. ಪಾಸ್ಟರ್ ಅಯ್ಯನವರು ನನಗೆ ಒಪ್ಪಿಸಿದ ವಿಷಯ ಚಿಕ್ಕದು. ಈ ಕ್ರಿಸ್ಮಸ್‌ಗೆ ನಮ್ಮ ಹಾಡುಗಳಿಗೆ ನುಡಿಸುವವರು ಯಾರು?

ನಮ್ಮಲ್ಲಿ ಹಳೆಯ ಹಾರ್ಮೋನಿಯಂ ಇದೆ. ದಾನಿಯೊಬ್ಬರು ಕೊಟ್ಟ ಕೀಬೋರ್ಡ್ ಕೂಡ ಇದೆ. ಅದನ್ನು ನುಡಿಸುತ್ತಿದ್ದ ಹುಡುಗ ತಿರುಪ್ಪೂರಿಗೆ ಕೆಲಸಕ್ಕೆ ಹೋದ. ಕಳೆದ ಎರಡು ವರ್ಷ ಲೈನಿನಿಂದ ಲೈನಿಗೆ ಹಾಡುತ್ತ ಹೋದಾಗ ನಾವು ಏನು ಮಾಡಿದೆವು? ಫೋನಿನಲ್ಲಿ ಹಾಡು ಹಾಕಿ ಅದರ ಹಿಂದೆ ಓಡಿದೆವು. ಫೋನು ಯಾರಿಗೂ ಕಾಯುವುದಿಲ್ಲ. ಅಜ್ಜಿ ಉಸಿರು ತೆಗೆದುಕೊಳ್ಳಲಿ ಎಂದು ನಿಲ್ಲುವುದಿಲ್ಲ. ಮಕ್ಕಳು ಎರಡನೆಯ ಪದ್ಯ ಮರೆತರೆ ಮೊದಲನೆಯದಕ್ಕೆ ತಿರುಗಿ ಬರುವುದಿಲ್ಲ. ನುಡಿಸುವ ಮನುಷ್ಯ ಕಾಯುತ್ತಾನೆ.

"ಅದು ಕಾನ್ವೆಂಟಿನ ಮಕ್ಕಳ ವಿದ್ಯೆ, ಎಲೆ ಕೀಳುವ ಕೈಗೆ ಬರುವುದೇ?" ಎಂದು ಕೇಳುವವರಿದ್ದಾರೆ. ಅವರಿಗೆ ಒಂದು ನಿಜವಾದ ಸಂಗತಿ ಹೇಳುತ್ತೇನೆ.

'ಸೈಲೆಂಟ್ ನೈಟ್' ಎಂಬ ಹಾಡನ್ನು ನೀವೆಲ್ಲ ಬಲ್ಲಿರಿ. ಅದು ಹುಟ್ಟಿದ್ದು ಆಸ್ಟ್ರಿಯಾ ದೇಶದ ಓಬರ್ನ್‌ಡಾರ್ಫ್ ಎಂಬ ಸಣ್ಣ ಊರಿನಲ್ಲಿ. ಸಾಲ್ಜಾಖ್ ನದಿಯಲ್ಲಿ ಉಪ್ಪು ಸಾಗಿಸುವ ದೋಣಿ ಕೆಲಸಗಾರರ ಊರು ಅದು. ಚಳಿಗಾಲ ಬಂದರೆ ಅವರಿಗೆ ಕೆಲಸವಿಲ್ಲ, ಕೂಲಿಯಿಲ್ಲ. 1816ರಲ್ಲಿ ಆ ನದಿಯನ್ನೇ ಎರಡು ರಾಜ್ಯಗಳ ಗಡಿಯಾಗಿ ಮಾಡಿದರು. ಒಂದೇ ಊರಾಗಿದ್ದದ್ದು ಎರಡಾಯಿತು. ಗಡಿ ಎಂದರೇನೆಂದು ನಮಗೆ ಯಾರೂ ಹೇಳಿಕೊಡಬೇಕಾಗಿಲ್ಲ.

ಅದೇ 1816ರಲ್ಲಿ ಪದಗಳನ್ನು ಬರೆದವರು ಯೋಸೆಫ್ ಮೋರ್ ಎಂಬ ಕಿರಿಯ ಪಾದ್ರಿ. ಅವರ ತಾಯಿ ಹೆಣಿಗೆ ಕೆಲಸದಿಂದ ಹೊಟ್ಟೆ ಹೊರೆದ ಬಡವಿ. ರಾಗ ಕಟ್ಟಿದವರು ಫ್ರಾಂಟ್ಸ್ ಗ್ರೂಬರ್ ಎಂಬ ಶಾಲಾ ಮಾಸ್ತರರು, ನೇಕಾರರ ಮಗ. 1818ರ ಡಿಸೆಂಬರ್ 24ರಂದು ರಾಗ ಹೊಂದಿಸಿ, ಅದೇ ರಾತ್ರಿ ದೇವಾಲಯದಲ್ಲಿ ಇಬ್ಬರೂ ಹಾಡಿದರು. ಜೊತೆಗೆ ಇದ್ದ ವಾದ್ಯ ಒಂದು ಗಿಟಾರ್ ಮಾತ್ರ. ಇಂದು ಲೋಕದ ನೂರಾರು ಭಾಷೆಗಳಲ್ಲಿ ಹಾಡುವ ಹಾಡು, ಕೂಲಿಗಾರರ ಸಭೆಯಲ್ಲಿ, ಬಡವರ ಮಕ್ಕಳ ಕೈಯಿಂದ, ಕೆಲವೇ ಕಾರ್ಡುಗಳ ಆಸರೆಯಲ್ಲಿ ಎದ್ದು ನಿಂತಿತು.

ಕಾರ್ಡ್ ಎಂದೊಡನೆ ರೇಷನ್ ಕಾರ್ಡೇ ಎಂದು ಆ ಮೂಲೆಯಲ್ಲಿ ಯಾರೋ ನಗುತ್ತಿದ್ದಾರೆ. ನಗಿರಿ, ತಪ್ಪಿಲ್ಲ. ಪಿಯಾನೋ ಕಲಿಸುವವರು ಕಾರ್ಡ್ ಎನ್ನುವುದು ಒಟ್ಟಿಗೆ ಒತ್ತುವ ಸ್ವರಗಳ ಗುಂಪಿಗೆ. ಎರಡು ಎಲೆ ಒಂದು ಮೊಗ್ಗು ಸೇರಿ ಒಂದು ಚಿಗುರು. ಹಾಗೆಯೇ ಮೂರು ಸ್ವರ ಸೇರಿ ಒಂದು ಕಾರ್ಡ್.

ಈಗ ಕೀಬೋರ್ಡಿನ ಹತ್ತಿರ ಬನ್ನಿ. ಕಪ್ಪು ಮನೆಗಳನ್ನು ನೋಡಿರಿ. ಎರಡರ ಗುಂಪು, ಮೂರರ ಗುಂಪು, ಮತ್ತೆ ಎರಡು, ಮತ್ತೆ ಮೂರು. ಎರಡರ ಗುಂಪಿನ ಎಡಕ್ಕೆ ತಾಗಿಕೊಂಡಿರುವ ಬಿಳಿ ಮನೆಯ ಹೆಸರು ಸಿ. ಅದನ್ನು ನಮ್ಮ 'ಸ' ಎಂದು ಇಟ್ಟುಕೊಳ್ಳಿರಿ. ಅಲ್ಲಿಂದ ಬಲಕ್ಕೆ ಬಿಳಿ ಮನೆಗಳ ಮೇಲೆಯೇ ನಡೆದರೆ ಸ ರಿ ಗ ಮ ಪ ದ ನಿ ಸಿಗುತ್ತದೆ.

ಬಲಗೈ ಹೆಬ್ಬೆರಳು 'ಸ' ಮೇಲೆ, ನಡುಬೆರಳು 'ಗ' ಮೇಲೆ, ಕಿರುಬೆರಳು 'ಪ' ಮೇಲೆ. ಮೂರನ್ನೂ ಒಟ್ಟಿಗೆ ಒತ್ತಿರಿ. ಇದು ಸಿ ಕಾರ್ಡ್. ಎರಡನೆಯದು ಎಫ್: ಮ, ದ, ಸ. ಮೂರನೆಯದು ಜಿ: ಪ, ನಿ, ರಿ. ಎಣಿಸಿ ನೋಡಿರಿ, ಈ ಮೂರರೊಳಗೆ ಏಳು ಸ್ವರಗಳೂ ಬಂದುಬಿಟ್ಟವು. ಆದುದರಿಂದ ಬಿಳಿ ಮನೆಗಳ ಮೇಲೆ ನಡೆಯುವ ಹಾಡಿನಲ್ಲಿ ಯಾವ ಸ್ವರ ಬಂದರೂ ಅದನ್ನು ಹಿಡಿದೆತ್ತುವ ಕಾರ್ಡ್ ಒಂದಾದರೂ ನಿಮ್ಮ ಕೈಯಲ್ಲಿದೆ.

ಒಂದರಿಂದ ಇನ್ನೊಂದಕ್ಕೆ ಕೈಯನ್ನು ಹಾರಿಸಬೇಡಿರಿ. ಸಿ ಇಂದ ಎಫ್‌ಗೆ ಹೋಗುವಾಗ ಹೆಬ್ಬೆರಳು 'ಸ' ಮೇಲೆಯೇ ಇರಲಿ; ಉಳಿದೆರಡು ಬೆರಳು ಒಂದೊಂದು ಬಿಳಿ ಮನೆ ಬಲಕ್ಕೆ ಸರಿದು 'ಮ', 'ದ' ಹಿಡಿಯಲಿ. ಸಿ ಇಂದ ಜಿಗೆ ಹೋಗುವಾಗ ಕಿರುಬೆರಳು 'ಪ' ಮೇಲೆಯೇ ಇರಲಿ. ಉಳಿದೆರಡು ಒಂದೊಂದು ಬಿಳಿ ಮನೆ ಎಡಕ್ಕೆ ಸರಿದು ಕೆಳಗಿನ 'ನಿ', 'ರಿ' ಹಿಡಿಯಲಿ. ಇಳಿಜಾರಿನಲ್ಲಿ ಎಲೆ ಕೀಳುವಾಗ ಒಂದು ಕಾಲು ಊರಿಕೊಂಡೇ ಇನ್ನೊಂದನ್ನು ಎತ್ತುತ್ತೀರಲ್ಲ, ಇದೂ ಹಾಗೆಯೇ.

ಇನ್ನು ಹಾಡು. ಒಂದು-ಎರಡು-ಮೂರು ಎಂದು ಎಣಿಸುವುದನ್ನು ಒಂದು ಸುತ್ತು ಎನ್ನೋಣ. 'ಸೈಲೆಂಟ್ ನೈಟ್' ಹಾಡಿನ ಒಂದು ಪದ್ಯಕ್ಕೆ 24 ಸುತ್ತು. ಮೊದಲು ಸಿ 4 ಸುತ್ತು, ಜಿ 2, ಸಿ 2. ನಡುವೆ ಎಫ್ 2, ಸಿ 2, ಮತ್ತೆ ಎಫ್ 2, ಸಿ 2. ಕೊನೆಯಲ್ಲಿ ಜಿ 2, ಸಿ 2, ಆಮೇಲೆ ಸಿ 1, ಜಿ 1, ಸಿ 2. ಕೀಬೋರ್ಡಾದರೆ 'ಒಂದು' ಎನ್ನುವಾಗ ಎಡಗೈಯಿಂದ ಕಾರ್ಡಿನ ಹೆಸರಿನ ಸ್ವರ ಒಂದನ್ನೇ ಒತ್ತಿ, 'ಎರಡು, ಮೂರು' ಎನ್ನುವಾಗ ಬಲಗೈಯಿಂದ ಕಾರ್ಡ್ ಒತ್ತಿರಿ. ತೊಟ್ಟಿಲು ತೂಗಿದ ಹಾಗೆ ಕೇಳಿಸುತ್ತದೆ. ಹಾರ್ಮೋನಿಯಂನಲ್ಲಿ ಎಡಗೈ ತಿದಿಗೆ ಬೇಕು. ಅಲ್ಲಿ ಬಲಗೈ ಕಾರ್ಡನ್ನು ಸುತ್ತು ಮುಗಿಯುವವರೆಗೆ ಹಿಡಿದುಕೊಂಡರೆ ಸಾಕು.

ಕಾರ್ಡ್ ಎಲ್ಲ ಹಾಡಿಗೂ ಅಲ್ಲ ಎಂಬುದನ್ನೂ ತಿಳಿದಿರಿ. ಬಾಸೆಲ್ ಮಿಶನ್‌ನವರು 1834ರಲ್ಲಿ ಮಂಗಳೂರಿಗೂ 1846ರಲ್ಲಿ ನಮ್ಮ ಬೆಟ್ಟದ ಕೇತಿಗೂ ಬಂದರು. ಜರ್ಮನ್ ರಾಗಗಳಿಗೆ ಕನ್ನಡ ಪದಗಳನ್ನು ಹೊಂದಿಸಿ ಹಾಡಿಸಿದರು. ಅಂಥ ಹಾಡುಗಳಿಗೆ ಕಾರ್ಡ್ ಒಪ್ಪುತ್ತದೆ. ನಮ್ಮ ದೇಶದ ರಾಗಗಳಲ್ಲಿ ಕಟ್ಟಿದ ಕೀರ್ತನೆಗಳಿಗೆ ಕಾರ್ಡ್ ತುರುಕಬೇಡಿರಿ. 'ಸ' ಮತ್ತು 'ಪ' ಎರಡನ್ನೇ ಶ್ರುತಿಯಾಗಿ ಹಿಡಿದು ಹಾಡುವವರನ್ನು ಬಿಟ್ಟುಬಿಡಿರಿ.

ಪ್ರಿಯರೇ, ಈಗ ನನ್ನ ತಪ್ಪೊಂದನ್ನು ಹೇಳಬೇಕು.

ಬಹಳ ವರ್ಷಗಳ ಹಿಂದೆ, ಬೇರೊಂದು ತೋಟದಲ್ಲಿ, ನಾನು ಹೊಸದಾಗಿ ನುಡಿಸಲು ಕಲಿತಿದ್ದೆ. ಬಂದದ್ದೆಲ್ಲ ತೋರಿಸಬೇಕೆಂಬ ಹುಮ್ಮಸ್ಸು. ಆ ಸಭೆಯಲ್ಲಿ ಒಬ್ಬ ವಯಸ್ಸಾದ ತಾಯಿ ಇದ್ದರು. ಯಾವ ವಾದ್ಯವೂ ಇಲ್ಲದ ಕಾಲದಲ್ಲಿ ಕ್ರಿಸ್ಮಸ್ ಹಾಡುಗಳನ್ನು ಎತ್ತಿಕೊಡುತ್ತಿದ್ದವರು ಅವರೇ. ನಾನು ಈಗ ಹೇಳಿದ ಹಾಡನ್ನು ನನ್ನ ಬೆರಳಿಗೆ ಸುಲಭವೆಂದು ಸಿ ಇಂದಲೇ ಹಿಡಿದೆ. ಬೇಗ ಬೇಗ ನುಡಿಸಿದೆ. ಆ ಹಾಡು ಕೆಳಗಿನ 'ಸ' ಇಂದ ಹೊರಟು ಮೇಲಿನ 'ಸ' ದಾಟಿ ಅದರಾಚೆಯ 'ಮ' ವರೆಗೆ ಏರುತ್ತದೆ. ಹನ್ನೊಂದು ಮೆಟ್ಟಿಲು. ಆ ಎತ್ತರದ ಜಾಗ ಬಂದಾಗ ಆ ತಾಯಿಯ ಧ್ವನಿ ನಿಂತುಹೋಯಿತು. ಮತ್ತೆ ಅವರು ಹಾಡಲಿಲ್ಲ. ಹೊರಗೆ ಬಂದ ಮೇಲೆ ನನ್ನ ಕೈ ಹಿಡಿದು, "ಚೆನ್ನಾಗಿ ನುಡಿಸಿದೆ ಮಗಾ. ಆದರೆ ಹಾಡು ನಮ್ಮ ಕೈಗೆ ಸಿಗಲಿಲ್ಲ" ಎಂದರು. ಕೋಪವಿರಲಿಲ್ಲ. ಮುಂದಿನ ವರ್ಷ ನಾನು ಶ್ರುತಿ ಇಳಿಸುವುದನ್ನು ಕಲಿತು ಬಂದೆ. ಆ ಕ್ರಿಸ್ಮಸ್‌ಗೆ ಆ ತಾಯಿ ಇರಲಿಲ್ಲ.

ಆದುದರಿಂದ ಕಲಿಯುವವರೇ, ಮೊದಲು ನುಡಿಸಬೇಡಿರಿ, ಕೇಳಿರಿ. ಸಭೆಯ ಹಿರಿಯ ತಾಯಿ ಒಬ್ಬರನ್ನು ಹಾಡಲು ಬೇಡಿಕೊಳ್ಳಿರಿ. ಅವರ ಗಂಟಲು ಎಲ್ಲಿ ಸುಖವಾಗಿ ನಿಲ್ಲುತ್ತದೋ ಅದೇ ನಿಮ್ಮ ಶ್ರುತಿ. ಹೆಚ್ಚಿನ ಕೀಬೋರ್ಡುಗಳಲ್ಲಿ ಟ್ರಾನ್ಸ್‌ಪೋಸ್ ಎಂಬ ಗುಂಡಿ ಇರುತ್ತದೆ. ಅದರಿಂದ ಮೂರು ನಾಲ್ಕು ಅಂಕೆ ಇಳಿಸಿದರೆ ಬೆರಳು ಇದ್ದಲ್ಲೇ ಇದ್ದು ಧ್ವನಿ ಮಾತ್ರ ಇಳಿಯುತ್ತದೆ. ಹಾರ್ಮೋನಿಯಂ ಆದರೆ ಕೆಳಗಿನ ಜಿಯನ್ನೇ 'ಸ' ಮಾಡಿಕೊಳ್ಳಿರಿ. ಆಗ ಬೇಕಾಗುವ ಮೂರು ಕಾರ್ಡುಗಳು ಜಿ, ಸಿ, ಡಿ. ಡಿ ಒಂದೇ ಹೊಸದು. ಅದರಲ್ಲಿ ನಡುಬೆರಳು ಮೂರರ ಗುಂಪಿನ ಮೊದಲನೆಯ ಕಪ್ಪು ಮನೆಯ ಮೇಲೆ ಬರುತ್ತದೆ.

ಕ್ರಿಸ್ಮಸ್‌ಗೆ ಇನ್ನು ನಾಲ್ಕು ವಾರಗಳೂ ಪೂರ್ತಿಯಾಗಿಲ್ಲ. ಮೊದಲ ವಾರ ಸಿ ಮತ್ತು ಜಿ. ಎರಡನೆಯ ವಾರ ಎಫ್ ಸೇರಿಸಿ. ಮೂರನೆಯ ವಾರ ಎಣಿಕೆ ತಪ್ಪದೆ ಬದಲಾಯಿಸಲು ಕಲಿಯಿರಿ. ಕೊನೆಯ ವಾರ ಹಾಡುವವರ ಜೊತೆ. ದಿನಕ್ಕೆ ಕಾಲು ಗಂಟೆ ಸಾಕು. ಮನೆಯಲ್ಲಿ ವಾದ್ಯವಿಲ್ಲ ಎನ್ನಬೇಡಿರಿ. ರಟ್ಟಿನ ಮೇಲೆ ಅಳತೆಗೆ ಸರಿಯಾಗಿ ಮನೆಗಳನ್ನು ಬರೆದುಕೊಂಡು ಬೆರಳಿಗೆ ದಾರಿ ಕಲಿಸಿರಿ. ಬುಧವಾರ ಮತ್ತು ಶನಿವಾರ ಸಂಜೆ ಮಂದಿರದ ಬಾಗಿಲು ತೆರೆದಿರುತ್ತದೆ. ತಪ್ಪಾದರೆ ನಿಲ್ಲಬೇಡಿರಿ. ಎಡಗೈಯ ಒಂದು ಸ್ವರ ಹಿಡಿದುಕೊಂಡು ಎಣಿಸುತ್ತ ಹೋಗಿ, ಮುಂದಿನ ಸುತ್ತಿನಲ್ಲಿ ಸೇರಿಕೊಳ್ಳಿರಿ. ಹಾಡು ನಿಮ್ಮನ್ನು ಕಾಪಾಡುತ್ತದೆ.

ಒಂದೊಂದು ಲೈನಿನಿಂದ ಇಬ್ಬರು ಬರಲಿ ಎಂದು ಕೇಳಿಕೊಳ್ಳುತ್ತೇನೆ. ಒಬ್ಬ ಹುಡುಗಿಯಾದರೂ ಇರಲಿ. ಒಬ್ಬರು ಊರು ಬಿಟ್ಟು ಹೋದರೆ ಇನ್ನೊಬ್ಬರಿರುತ್ತಾರೆ. ಎರಡು ಕೈಯಿಂದಲೂ ಎಲೆ ಕೀಳುವ ನಮ್ಮ ಅಕ್ಕಂದಿರ ಬೆರಳುಗಳಿಗಿರುವ ಚುರುಕು ಈ ಕೆಲಸಕ್ಕೆ ಕಡಿಮೆಯಾದದ್ದಲ್ಲ.

ನುಡಿಸುವವರು ಚಪ್ಪರದ ಕಂಬದ ಹಾಗೆ ಇರಬೇಕು. ಹಬ್ಬಕ್ಕೆ ಬಂದವರು ಕಂಬವನ್ನು ನೋಡುವುದಿಲ್ಲ, ಅದರ ನೆರಳಿನಲ್ಲಿ ಕೂಡುತ್ತಾರೆ. ಈ ಡಿಸೆಂಬರ್ 24ರ ರಾತ್ರಿ ಮಂಜಿನಲ್ಲಿ ಲಾಟೀನು ಹಿಡಿದು ಕೊನೆಯ ಲೈನಿನ ಕೊನೆಯ ಮನೆಗೆ ಹೋಗುವಾಗ, ಅಲ್ಲಿಯ ಅಜ್ಜಿಯೂ ಕೊನೆಯ ಪದ್ಯದವರೆಗೆ ನಮ್ಮೊಂದಿಗೆ ಹಾಡಲಿ. ಅದಕ್ಕೆ ಮೂರು ಕಾರ್ಡ್ ಸಾಕು.

ಕರ್ತನು ನಿಮ್ಮ ಕೈಗಳ ಕೆಲಸವನ್ನು ಆಶೀರ್ವದಿಸಲಿ.