ಒಡಲೊಳಗೆ ಶಂಕುವುಳ್ಳ ಗಿಟಾರು



ಈ ಹೊತ್ತು ನನ್ನ ಮಾತು ನಿಮ್ಮ ಕಿವಿಯನ್ನು ಮುಟ್ಟುತ್ತಿರುವುದು ನಿಮ್ಮ ರೇಡಿಯೋ ಪೆಟ್ಟಿಗೆಯೊಳಗೆ ಅಡಗಿರುವ ಕಾಗದದ ಒಂದು ಶಂಕುವಿನ ಕಂಪನದಿಂದ. ವಿದ್ಯುತ್ತು ಅಯಸ್ಕಾಂತದ ಮೂಲಕ ಆ ಶಂಕುವನ್ನು ನಡುಗಿಸುತ್ತದೆ. ಶಂಕು ಗಾಳಿಯನ್ನು ನಡುಗಿಸುತ್ತದೆ. ವಿದ್ಯುತ್ತಿನ ಸ್ಥಾನದಲ್ಲಿ ತಂತಿಯ ಮಿಡಿತವನ್ನೂ, ಕಾಗದದ ಸ್ಥಾನದಲ್ಲಿ ತೆಳುವಾದ ಅಲ್ಯೂಮಿನಿಯಂ ತಗಡನ್ನೂ ಇಟ್ಟು, ಅದನ್ನು ಗಿಟಾರಿನ ಒಡಲಲ್ಲಿ ಕೂಡಿಸಿದರೆ ಯಾವ ವಾದ್ಯವು ಸಿದ್ಧವಾಗುವುದೋ ಆ ರೆಸೊನೇಟರ್ ಗಿಟಾರಿನ ವಿಚಾರವಾಗಿ, ಅದರಲ್ಲಿಯೂ ಸಾಮಾನ್ಯ ಗೃಹಸ್ಥನ ಕೈಗೆ ನಿಲುಕುವ ಅಗ್ಗದ ರೆಸೊನೇಟರನ್ನು ಕೊಂಡು ಅದರೊಡನೆ ಬಾಳುವ ವಿಚಾರವಾಗಿ, ನಾಲ್ಕು ಮಾತುಗಳನ್ನು ಅರಿಕೆ ಮಾಡಬೇಕೆಂದಿದ್ದೇನೆ.

ಈ ವಾದ್ಯ ಹುಟ್ಟಿದ್ದು ಗಿಟಾರಿಗೆ ವಿದ್ಯುತ್ತಿನ ನೆರವು ಇನ್ನೂ ಒದಗದಿದ್ದ ಕಾಲದಲ್ಲಿ. ಅಮೆರಿಕದ ನಾಟ್ಯಶಾಲೆಗಳಲ್ಲಿಯೂ ವಿನೋದಗೋಷ್ಠಿಗಳಲ್ಲಿಯೂ ತುತ್ತೂರಿ, ಬ್ಯಾಂಜೋ, ಮದ್ದಳೆಗಳ ಅಬ್ಬರದ ನಡುವೆ ಗಿಟಾರಿನ ಮೃದುಧ್ವನಿಯು ಯಾರಿಗೂ ಕೇಳಿಸದೆ ಅಡಗಿಹೋಗುತ್ತಿತ್ತು. ಹವಾಯಿ ದ್ವೀಪದವರ ಕ್ರಮದಲ್ಲಿ ವಾದ್ಯವನ್ನು ತೊಡೆಯ ಮೇಲೆ ಮಲಗಿಸಿಕೊಂಡು ಉಕ್ಕಿನ ತುಂಡಿನಿಂದ ನುಡಿಸುತ್ತಿದ್ದ ಜಾರ್ಜ್ ಬೀಚಮ್ ಎಂಬ ಕಲಾವಿದನು ಈ ಕೊರತೆಯಿಂದ ಬೇಸತ್ತು, ಲಾಸ್ ಏಂಜಲೀಸ್ ನಗರದಲ್ಲಿ ನೆಲೆಸಿದ್ದ ಸ್ಲೊವಾಕ್ ಮೂಲದ ವಾದ್ಯಶಿಲ್ಪಿ ಜಾನ್ ಡೋಪಿಯೇರನನ್ನು ಆಶ್ರಯಿಸಿದನು. ಅವರಿಬ್ಬರ ಸಹಯೋಗದಿಂದ 1927ರಲ್ಲಿ ನ್ಯಾಷನಲ್ ಎಂಬ ಹೆಸರಿನಲ್ಲಿ ಹೊರಬಂದ ಗಿಟಾರಿನ ಒಡಲು ಮರದ್ದಲ್ಲ, ಜರ್ಮನ್ ಸಿಲ್ವರಿನದು. ಹೆಸರಿನಲ್ಲಿ ಬೆಳ್ಳಿಯಿದ್ದರೂ ಆ ಲೋಹದಲ್ಲಿ ಬೆಳ್ಳಿಯ ಲವಲೇಶವೂ ಇಲ್ಲ. ತಾಮ್ರ, ಸತು, ನಿಕ್ಕಲುಗಳ ಮಿಶ್ರಣ ಅದು. ಅದರೊಳಗೆ ಸುಮಾರು 15 ಸೆಂಟಿಮೀಟರ್ ಅಗಲದ ಮೂರು ಶಂಕುಗಳು. ಮೂರನ್ನೂ ಕೂಡಿಸಿ ತಂತಿಗಳನ್ನು ಹೊರುವ ಲೋಹದ ಒಂದು ಕುದುರೆ.

ಮುಂದಿನ ಕಥೆ ನ್ಯಾಷನಲ್ ಸಂಸ್ಥೆಯ ಪಾಲುದಾರರ ಕಲಹದ ಕಥೆ. ಡೋಪಿಯೇರನು ಹೊರಬಿದ್ದು, ಸೋದರರೊಡನೆ ಡೋಬ್ರೋ ಎಂಬ ಬೇರೊಂದು ಸಂಸ್ಥೆಯನ್ನು ಕಟ್ಟಿದನು. ಡೋಪಿಯೇರ ಬ್ರದರ್ಸ್ ಎಂಬುದರ ಸಂಕ್ಷೇಪವೂ ಹೌದು, ಸ್ಲೊವಾಕ್ ನುಡಿಯಲ್ಲಿ ಒಳಿತು ಎಂಬ ಅರ್ಥವೂ ಹೌದು: ಇಂತಹ ಹೆಸರು ಎಲ್ಲರಿಗೂ ಒದಗುವುದಿಲ್ಲ. ಇಲ್ಲಿ ಶಂಕು ಒಂದೇ; ಅದನ್ನು ಬೋಗುಣಿಯಂತೆ ಬಾಯಿ ಮೇಲಾಗಿ ಕೂಡಿಸಿ, ಅದರ ಅಂಚಿನ ಮೇಲೆ ಎಂಟು ಕಾಲಿನ ಜೇಡನ ಆಕಾರದ ಲೋಹದ ಚೌಕಟ್ಟನ್ನು ನಿಲ್ಲಿಸಿ, ಆ ಜೇಡನ ನಡುವೆ ಕುದುರೆಯನ್ನಿಟ್ಟರು. ನ್ಯಾಷನಲ್ಲಿನವರು ಇದಕ್ಕೆ ಪ್ರತಿಯಾಗಿ ಶಂಕುವನ್ನು ಕವುಚಿ ಹಾಕಿ, ಅದರ ನೆತ್ತಿಯ ಮೇಲೆ ಬಿಸ್ಕತ್ತಿನಷ್ಟು ಅಗಲದ ಮರದ ಬಿಲ್ಲೆಯೊಂದನ್ನು ಕೂಡಿಸಿ, ಆ ಬಿಲ್ಲೆಯಲ್ಲಿ ಕುದುರೆಯನ್ನು ನೆಟ್ಟರು. ಆ ಏರ್ಪಾಟಿಗೆ ಬಿಸ್ಕತ್ತು ಎಂಬ ಹೆಸರೇ ನಿಂತಿತು. ಇಂದು ಅಂಗಡಿಯಲ್ಲಿ ದೊರೆಯುವ ಅಗ್ಗದ ರೆಸೊನೇಟರುಗಳಲ್ಲಿ ಬಹುಪಾಲು ಈ ಎರಡರಲ್ಲೊಂದು ಬಗೆಯವು. ಜೇಡನ ಬಗೆಯ ನಾದ ದೀರ್ಘ, ಸ್ವಲ್ಪ ಅನುನಾಸಿಕ, ಎಳೆದು ಹಾಡುವಂಥದು. ಬಿಸ್ಕತ್ತಿನದು ಥಟ್ಟನೆ ಸಿಡಿದು ಬೇಗನೆ ಅಡಗುವ, ಒರಟಾದ, ಎದೆಗೆ ನೇರವಾಗಿ ತಾಗುವ ನಾದ.

ಅಗ್ಗದ್ದೆಂಬ ಮಾತು ಈ ವಾದ್ಯಕ್ಕೆ ಅಂಟಿದ ಕಳಂಕವಲ್ಲವೆಂಬುದನ್ನು ನಾನು ಒತ್ತಿ ಹೇಳಬಯಸುತ್ತೇನೆ. 1929ರ ಆರ್ಥಿಕ ಕುಸಿತದಲ್ಲಿ ದುಬಾರಿ ವಾದ್ಯವನ್ನು ಕೊಳ್ಳುವವರು ವಿರಳವಾದಾಗ, ನ್ಯಾಷನಲ್ ಸಂಸ್ಥೆಯು 1930ರಲ್ಲಿ ಡ್ಯುವೋಲಿಯನ್ ಎಂಬ ಮಾದರಿಯನ್ನು ಹೊರತಂದಿತು. ಸಾದಾ ಉಕ್ಕಿನ ಒಡಲು, ಮೇಲೆ ಬಣ್ಣದ ಲೇಪ, ಒಂದೇ ಶಂಕು, ಕೆತ್ತನೆಯಿಲ್ಲ, ಹೊಳಪಿಲ್ಲ. ಮಿಸಿಸಿಪ್ಪಿ ಪ್ರಾಂತದ ಹತ್ತಿಯ ಹೊಲಗಳ ನಡುವೆ ಬೆಳೆದ ಕರಿಯ ಜನರ ಬ್ಲೂಸ್ ಗಾನಕ್ಕೆ ಇಂತಹ ತಗಡಿನ ಗಿಟಾರುಗಳು ಎಷ್ಟು ಹೊಂದಿಕೊಂಡುವೆಂದರೆ, ಸನ್ ಹೌಸ್, ಬುಕ್ಕಾ ವೈಟ್ ಮೊದಲಾದವರ ಕಂಠವನ್ನು ನೆನೆದೊಡನೆ ಉಕ್ಕಿನ ಆ ನಾದವೂ ಜೊತೆಗೇ ನೆನಪಾಗುತ್ತದೆ. 1930ರ ದಶಕದಲ್ಲಿ ವಿದ್ಯುತ್ ಗಿಟಾರು ಬಂದ ಮೇಲೆ ಗಟ್ಟಿದನಿಗಾಗಿ ಶಂಕುವನ್ನು ಅವಲಂಬಿಸುವ ಅಗತ್ಯವೇ ಉಳಿಯಲಿಲ್ಲ. ಆದರೂ ವಾದ್ಯ ಅಳಿಯಲಿಲ್ಲ. ಗಟ್ಟಿದನಿಗೆಂದು ಹುಟ್ಟಿದ್ದು, ತನ್ನ ದನಿಯ ಬಣ್ಣಕ್ಕಾಗಿ ಉಳಿದುಕೊಂಡಿತು.

ಗೋಟುವಾದ್ಯವನ್ನು ಕೇಳಿ ಬಲ್ಲ ನಮ್ಮವರಿಗೆ ಈ ಜಾರುನಾದ ಅಪರಿಚಿತವೇನಲ್ಲ. ಮೆಟ್ಟಿಲುಗಳ ಹಂಗಿಲ್ಲದೆ ತಂತಿಯ ಮೇಲೆ ಕೊರಡನ್ನು ಜಾರಿಸಿ ಸ್ವರದಿಂದ ಸ್ವರಕ್ಕೆ ಹರಿಯುವ ವಿದ್ಯೆ ನಮ್ಮಲ್ಲಿಯೂ ಉಂಟು. ಹೀಗೆಯೇ ಜಾರಿಸಿ ನುಡಿಸುವ ಮೋಹನವೀಣೆಯ ವಿಶ್ವಮೋಹನ ಭಟ್ಟರು ಡೋಬ್ರೋ ವಾದಕ ಜೆರ್ರಿ ಡಗ್ಲಸ್ ಅವರೊಡನೆ ಕೂಡಿ ನುಡಿಸಿದ ಧ್ವನಿಮುದ್ರಿಕೆ 1995ರಲ್ಲಿ ಹೊರಬಂದಿದೆ. ಎರಡು ಜಾರುಗಳ ಬಂಧುತ್ವವನ್ನು ಅರಿಯಬಯಸುವವರು ಅದನ್ನು ಕೇಳತಕ್ಕದ್ದು.

ಇನ್ನು ಕೊಳ್ಳುವ ವಿಚಾರ. ಎಲ್ಲಕ್ಕೂ ಮೊದಲು ವಾದ್ಯದ ದಂಡಿಯ ಆಕಾರವನ್ನು ನೋಡಬೇಕು. ಹಿಂಬದಿ ಚೌಕವಾದ ದಂಡಿಯುಳ್ಳದ್ದು ತೊಡೆಯ ಮೇಲೆ ಮಲಗಿಸಿ ನುಡಿಸತಕ್ಕದ್ದು. ಅದರ ತಂತಿಗಳು ಬೆರಳಿನಿಂದ ಒತ್ತಲಾಗದಷ್ಟು ಎತ್ತರದಲ್ಲಿರುತ್ತವೆ. ಗುಂಡಾದ ದಂಡಿಯುಳ್ಳದ್ದನ್ನು ಸಾಮಾನ್ಯ ಗಿಟಾರಿನಂತೆ ಹಿಡಿದು, ಬೆರಳಿಗೆ ಗಾಜಿನ ಅಥವಾ ಲೋಹದ ಕೊಳವೆಯನ್ನು ತೊಟ್ಟು ನುಡಿಸಬಹುದು. ಈ ಭೇದವನ್ನು ತಿಳಿಯದೆ ಕೊಂಡು ಪಶ್ಚಾತ್ತಾಪಪಟ್ಟವರನ್ನು ನಾನು ಬಲ್ಲೆ. ಆಮೇಲೆ ದಂಡಿಯ ನೇರವನ್ನು, ಅದು ಒಡಲಿಗೆ ಕೂಡಿರುವ ಕೋನವನ್ನು ಕಣ್ಣಿಟ್ಟು ಪರೀಕ್ಷಿಸಬೇಕು. ಹನ್ನೆರಡನೆಯ ಮೆಟ್ಟಿಲಿನಲ್ಲಿ ತಂತಿಯನ್ನು ಒತ್ತಿ ಮಿಡಿದಾಗ ಸರಿಯಾಗಿ ಮೇಲಿನ ಷಡ್ಜವು ನುಡಿಯುವುದೇ ಎಂದು ಕೇಳಬೇಕು. ಬಿರಡೆಗಳು ಸರಾಗವಾಗಿ ತಿರುಗಿ ತಿರುಗಿದಲ್ಲಿಯೇ ನಿಲ್ಲುವುವೇ ಎಂದು ನೋಡಬೇಕು. ಇಷ್ಟು ಸರಿಯಿದ್ದರೆ ನಾದ ಸ್ವಲ್ಪ ಮಂಕಾಗಿದ್ದರೂ ಚಿಂತೆಯಿಲ್ಲ. ಏಕೆಂದರೆ ಈ ವಾದ್ಯದ ಕಂಠವಿರುವುದು ಶಂಕುವಿನಲ್ಲಿ, ಮತ್ತು ಶಂಕುವನ್ನು ಬದಲಿಸಬಹುದು. ಮರದ ಗಿಟಾರಿನ ಮೇಲ್ಹಲಗೆ ಕೀಳಾಗಿದ್ದರೆ ಅದು ಜೀವಮಾನಪರ್ಯಂತ ಕೀಳೇ. ಇಲ್ಲಿಯಾದರೋ ಅಚ್ಚಿನಲ್ಲಿ ಒತ್ತಿ ತೆಗೆದ ದಪ್ಪ ಶಂಕುವನ್ನು ತೆಗೆದು, ತಿರುಗಣೆಯ ಮೇಲೆ ಎಳೆದು ರೂಪಿಸಿದ ಒಳ್ಳೆಯ ಶಂಕುವನ್ನು ಕೂಡಿಸಿದರೆ, ಅದೇ ವಾದ್ಯ ಬೇರೊಂದು ದನಿಯಲ್ಲಿ ಮಾತನಾಡುತ್ತದೆ. ವಕ್ರವಾದ ದಂಡಿಯನ್ನು ತಿದ್ದಿಸಲು ಹೊರಟರೆ ಮಾತ್ರ ವೆಚ್ಚವು ವಾದ್ಯದ ಬೆಲೆಯನ್ನೇ ಮೀರೀತು.

ನನ್ನಲ್ಲಿರುವುದು ಹಿತ್ತಾಳೆಯ ಒಡಲಿಗೆ ನಿಕ್ಕಲು ಲೇಪಿಸಿದ, ಬಿಸ್ಕತ್ತಿನ ಬಗೆಯ, ಚೀನದಲ್ಲಿ ತಯಾರಾದ ವಾದ್ಯ. ತೊಡೆಯ ಮೇಲಿಟ್ಟರೆ ಮಗುವೊಂದನ್ನು ಕೂರಿಸಿಕೊಂಡಷ್ಟು ಭಾರ. ಮಾಗಿಯ ಬೆಳಗಿನಲ್ಲಿ ಎದೆಗೊತ್ತಿದರೆ ಮೈ ನವಿರೇಳುವಷ್ಟು ತಣ್ಣಗೆ. ಮನೆಗೆ ತಂದ ದಿನದಿಂದಲೇ ನಾಲ್ಕನೆಯ ತಂತಿಯನ್ನು ಮಿಡಿದಾಗಲೆಲ್ಲ ಜೀರುಂಡೆ ಹೊಕ್ಕಂತೆ ಝೇಂಕಾರವೊಂದು ಒಳಗಿನಿಂದ ಏಳುತ್ತಿತ್ತು. ಮೇಲ್ಮುಚ್ಚಳದ ತಿರುಪುಗಳನ್ನು ಒಂದೊಂದಾಗಿ ಬಿಗಿಮಾಡಿದೆ, ಹೋಗಲಿಲ್ಲ. ತಂತಿಗಳನ್ನು ಬದಲಿಸಿದೆ, ಹೋಗಲಿಲ್ಲ. ಕೊನೆಗೆ ಒಂದು ಭಾನುವಾರ ಮೇಜಿನ ಮೇಲೆ ದಪ್ಪ ಜಮಖಾನವನ್ನು ಹಾಸಿ, ತಂತಿಗಳನ್ನು ಸಡಿಲಿಸಿ, ಮುಚ್ಚಳವನ್ನು ತೆಗೆದು ನೋಡಿದಾಗ, ಸುಮಾರು 24 ಸೆಂಟಿಮೀಟರ್ ಅಗಲದ ಆ ಶಂಕುವು ಯಾವ ತಿರುಪಾಗಲಿ ಅಂಟಾಗಲಿ ಇಲ್ಲದೆ, ಒಡಲೊಳಗಿನ ಅಂಚಿನ ಮೇಲೆ ಸುಮ್ಮನೆ ಕುಳಿತಿರುವುದನ್ನು ಕಂಡು ಬೆರಗಾದೆ. ಅದನ್ನು ಹಿಡಿದಿಟ್ಟಿರುವುದು ತಂತಿಗಳು ಮೇಲಿನಿಂದ ಒತ್ತುವ ಭಾರವೊಂದೇ! ಅಂಚಿನ ಒಂದೆಡೆ ಬೆಸುಗೆಯ ಸಣ್ಣ ಗುಳ್ಳೆಯೊಂದು ಉಳಿದುಕೊಂಡಿತ್ತು. ಶಂಕು ಅಲ್ಲಿ ನೆಲೆಯೂರದೆ ನಡುಗುತ್ತಿತ್ತು. ನಯವಾದ ಉಪ್ಪುಕಾಗದದಿಂದ ಅದನ್ನು ಉಜ್ಜಿ ಸಮಮಾಡಿ, ಶಂಕುವನ್ನು ಮೊದಲಿದ್ದ ದಿಕ್ಕಿನಲ್ಲಿಯೇ ಕೂಡಿಸಿ, ಶ್ರುತಿಮಾಡಿ ಮಿಡಿದೆ. ಜೀರುಂಡೆ ಹಾರಿಹೋಗಿತ್ತು.

ಅಂದಿನಿಂದ ಅದರ ಪಾಲನೆಯ ಕ್ರಮಗಳು ತಾವಾಗಿಯೇ ರೂಢಿಯಾದುವು. ತಂತಿಗಳನ್ನು ಬದಲಿಸುವಾಗ ಎಲ್ಲವನ್ನೂ ಒಮ್ಮೆಗೇ ಬಿಚ್ಚದೆ ಒಂದೊಂದಾಗಿ ಬದಲಿಸುತ್ತೇನೆ. ಭಾರ ತಪ್ಪಿದರೆ ಶಂಕು ಸ್ಥಳಬಿಟ್ಟು ಕದಲೀತು. ಬೆವರು ಲೇಪವನ್ನು ತಿನ್ನುವುದರಿಂದ ನುಡಿಸಿದ ಬಳಿಕ ಒಣ ಹತ್ತಿಬಟ್ಟೆಯಿಂದ ಒಡಲನ್ನು ಒರೆಸುತ್ತೇನೆ. ಮಂಗಳೂರು, ಕಾರವಾರಗಳ ಉಪ್ಪುಗಾಳಿಯಲ್ಲಿ ವಾಸಿಸುವವರಿಗೆ ಈ ಎಚ್ಚರ ಇನ್ನೂ ಹೆಚ್ಚಾಗಿರತಕ್ಕದ್ದು. ಕೊಳವೆಯಿಂದ ನುಡಿಸುವವರು ತೆಳುವಾದ ತಂತಿಗಳನ್ನು ಹಾಕಬಾರದು. ಶಂಕುವನ್ನು ಎಚ್ಚರಿಸಲು ಅವುಗಳ ಬಲ ಸಾಲದು. ಹಾಗೆಂದು ಮಿತಿಮೀರಿ ದಪ್ಪನೆಯವನ್ನು ಬಿಗಿದರೆ ವರ್ಷಾನುಗಟ್ಟಲೆಯ ಒತ್ತಡದಿಂದ ಶಂಕುವಿನ ನೆತ್ತಿ ಕುಗ್ಗುತ್ತದೆ. ಜೇಡನ ಬಗೆಯ ವಾದ್ಯವುಳ್ಳವರು ಜೇಡನನ್ನು ಶಂಕುವಿಗೆ ಕೂಡಿಸುವ ನಡುವಿನ ತಿರುಪನ್ನು ಅತಿಯಾಗಿ ಬಿಗಿಯದಿರುವುದು ಕ್ಷೇಮ.

ಕಳೆದ ವರ್ಷ ನಾನು ಹಳೆಯ ಶಂಕುವನ್ನು ತೆಗೆದು ಹೊಸದನ್ನು ಕೂಡಿಸಿದೆ. ಮೊದಲ ಎರಡು ದಿನ ನಾದ ಬಿಗಿದುಕೊಂಡಂತೆ ಇದ್ದುದರಿಂದ ಮನಸ್ಸಿಗೆ ಕಸಿವಿಸಿಯಾಯಿತು. ತಂತಿಗಳೂ ಪದೇ ಪದೇ ಶ್ರುತಿಯಿಂದ ಇಳಿಯುತ್ತಿದ್ದುವು. ತೆಳುತಗಡು ಹೊಸ ಭಾರಕ್ಕೆ ಒಗ್ಗಿ ತನ್ನ ಅಂಚಿನಲ್ಲಿ ನೆಲೆಗೊಳ್ಳುತ್ತಿದ್ದ ಕಾಲವದು. ದಿನವೂ ಸಂಜೆ ಅರ್ಧ ಗಂಟೆ ನುಡಿಸುತ್ತ ಬಂದೆ. ವಾರ ಕಳೆಯುವಷ್ಟರಲ್ಲಿ ಒಂದು ಸಂಜೆ ಮಂದ್ರದ ತಂತಿಯನ್ನು ಮಿಡಿದಾಗ, ಅಡುಗೆಮನೆಯ ಗೂಡಿನಲ್ಲಿದ್ದ ಹಿತ್ತಾಳೆಯ ತಂಬಿಗೆಯೊಂದು ತಾನೂ ಮೆಲ್ಲನೆ ಗುನುಗಿತು.