ಸಡಿಲಾಗುವುದೂ ಹೃದಯದ ದುಡಿಮೆ

ಹೃದಯ ಎಂದೊಡನೆ ನಾವು ನೆನೆಯುವುದು ರಕ್ತವನ್ನು ತಳ್ಳುವ ಅದರ ಬಲವನ್ನು. ನಿಮಿಷಕ್ಕೆ 75 ಸಲ ಬಡಿಯುವ ಹೃದಯಕ್ಕೆ ಒಂದು ಬಡಿತಕ್ಕೆ ಸಿಗುವುದು 0.8 ಸೆಕೆಂಡು. ಅದರಲ್ಲಿ ಹಿಂಡಿಕೊಳ್ಳಲು ಸುಮಾರು 0.3 ಸೆಕೆಂಡು ಸಾಕು. ಉಳಿದದ್ದು ಎಡ ಹೃತ್ಕುಕ್ಷಿ ಸಡಿಲಾಗಿ ತುಂಬಿಕೊಳ್ಳುವ ಹೊತ್ತು. ಇದನ್ನು ವಿಶ್ರಾಂತಿ ಎಂದುಬಿಡುತ್ತೇವೆ. ವಾಸ್ತವದಲ್ಲಿ ಅದೂ ದುಡಿಮೆಯೇ. ಜೀವಕೋಶದೊಳಗೆ ಕ್ಯಾಲ್ಸಿಯಂ ಹರಡಿದಾಗ ಸ್ನಾಯು ಬಿಗಿಯುತ್ತದೆ, ಕ್ಯಾಲ್ಸಿಯಂ ತನ್ನ ಉಗ್ರಾಣಕ್ಕೆ ಮರಳಿದಾಗ ಸಡಿಲಾಗುತ್ತದೆ. ಮರಳಿಸಲು ಶಕ್ತಿ ವ್ಯಯವಾಗುತ್ತದೆ. ಸತ್ತ ದೇಹ ಕೆಲವು ತಾಸಿನಲ್ಲಿ ಸೆಟೆದುಕೊಳ್ಳುವುದು ಸ್ನಾಯುವಿನ ಹಿಡಿತ ಬಿಡಿಸುವ ಈ ಶಕ್ತಿ ತೀರಿಹೋಗುವುದರಿಂದಲೇ.

ಮೇಲಿನ ಹೃತ್ಕರ್ಣದ ರಕ್ತ ತಾನಾಗಿಯೇ ಕೆಳಗಿಳಿಯುವುದಿಲ್ಲವೇ ಎಂದು ಯಾರಾದರೂ ಕೇಳಬಹುದು. ಇಳಿಯುತ್ತದೆ, ಆದರೆ ಅಲ್ಲಿನ ಒತ್ತಡ ಪಾದರಸದ 10 ಮಿಲಿಮೀಟರ್ ಆಸುಪಾಸು ಅಷ್ಟೇ. 120ಕ್ಕೇರಿದ್ದ ಹೃತ್ಕುಕ್ಷಿಯ ಒತ್ತಡ ಅದಕ್ಕಿಂತ ಕೆಳಗೆ ಬೀಳುವ ತನಕ ನಡುವಿನ ಕವಾಟ ತೆರೆಯದು. ತೆರೆದ ಮೇಲೆ ನಡೆಯುವುದು ಇನ್ನೂ ಸೋಜಿಗ: ರಕ್ತ ನುಗ್ಗುತ್ತಿದ್ದರೂ ಒಳಗಿನ ಒತ್ತಡ ಅರೆಕ್ಷಣ ಇಳಿಯುತ್ತಲೇ ಇರುತ್ತದೆ. ಸುಮ್ಮನೆ ತುಂಬಿಕೊಳ್ಳುವ ಪಾತ್ರೆಯಲ್ಲಿ ಹೀಗಾಗದು. ಹಿಂಡುವಾಗ ತಿರುಚಿಕೊಂಡ ಗೋಡೆ ಬಿಚ್ಚಿಕೊಳ್ಳುತ್ತ ರಕ್ತವನ್ನು ಹೀರುತ್ತದೆ. ಕೊನೆಯ ಐದನೇ ಒಂದು ಪಾಲನ್ನಷ್ಟೇ ಹೃತ್ಕರ್ಣ ಹಿಂಡಿ ಕಳಿಸುತ್ತದೆ.

ಹೀಗೆ ತುಂಬಿಕೊಳ್ಳುವುದು ಕಷ್ಟವಾದರೆ ಏರು ಹತ್ತುವಾಗ ಗೊತ್ತಾಗುತ್ತದೆ. ಉತ್ತರ ಕನ್ನಡದ ಬಿಳಗಿ, ಸಿದ್ದಾಪುರದ ಕಡೆ ಅಡಿಕೆ ತೋಟ ತಗ್ಗಿನಲ್ಲಿ, ಮನೆ ಮೇಲೆ. ವರ್ಷಗಟ್ಟಲೆ ಬಿಪಿ ಹತೋಟಿಗೆ ಬಾರದವರ ಹೃದಯದ ಗೋಡೆ ದಪ್ಪವಾಗಿ ಬಿರುಸಾಗುತ್ತದೆ. ಅಂಥವರು ತೋಟದಿಂದ ಏರು ಹತ್ತುವಾಗ ಬಡಿತ ಜೋರಾಗಿ, ತುಂಬಿಕೊಳ್ಳುವ ಹೊತ್ತೇ ಎಲ್ಲಕ್ಕಿಂತ ಹೆಚ್ಚು ಕಡಿತವಾಗುತ್ತದೆ. ಒಳಸೇರದ ರಕ್ತದ ಒತ್ತಡ ಶ್ವಾಸಕೋಶದ ಮೇಲೆ ಬಿದ್ದು ಉಸಿರು ಕಟ್ಟುತ್ತದೆ. ‘ಎಕೋದಲ್ಲಿ ಪಂಪಿಂಗ್ 60 ಪರ್ಸೆಂಟ್, ನಾರ್ಮಲ್ ಅಂತ ಬಂದಿದೆಯಲ್ಲ’ ಎಂಬ ಸಮಾಧಾನ ಇಲ್ಲಿ ಸಾಲದು. ಆ ಲೆಕ್ಕ ಒಳಬಂದ ರಕ್ತದಲ್ಲಿ ಹೊರಹೋದ ಪಾಲಿನದು. 120 ಮಿಲಿಲೀಟರ್ ತುಂಬಿದ್ದರೆ ಶೇಕಡಾ 60 ಎಂದರೆ 72. ತುಂಬಿದ್ದೇ 80 ಆದರೆ 48 ಮಾತ್ರ. ಹೃದಯ ವೈಫಲ್ಯ ಇರುವವರಲ್ಲಿ ಸುಮಾರು ಅರ್ಧ ಮಂದಿಗೆ ಈ ಪ್ರಮಾಣ ಸರಿಯಾಗಿಯೇ ಇರುತ್ತದೆ.

ಪುನೀತ್ ರಾಜ್‌ಕುಮಾರ್ ಹೃದಯ ಜ್ಯೋತಿ ಯೋಜನೆಯಲ್ಲಿ ತಾಲ್ಲೂಕು ಆಸ್ಪತ್ರೆಯಲ್ಲೇ ಇಸಿಜಿ ನೋಡಿ ಹೃದಯಾಘಾತ ಗುರುತಿಸುವುದು ದೊಡ್ಡ ಉಪಕಾರ. ಆದರೆ ಹೃದಯ ಎಷ್ಟು ಸಲೀಸಾಗಿ ತುಂಬುತ್ತಿದೆ ಎಂಬುದನ್ನು ಇಸಿಜಿ ತೋರಿಸದು. ಅದಕ್ಕೆ ರಕ್ತದ ಓಟವನ್ನೂ ಗೋಡೆಯ ಚಲನೆಯನ್ನೂ ಅಳೆಯುವ ಡಾಪ್ಲರ್ ಎಕೋ ಬೇಕು. ಬಿಪಿ ಹತೋಟಿಯಲ್ಲಿಡಲು ಊಟದ ಎಲೆಯ ಅಪ್ಪೆಮಿಡಿ ಉಪ್ಪಿನಕಾಯಿಯ ಉಪ್ಪನ್ನೂ ಲೆಕ್ಕಕ್ಕೆ ಹಿಡಿಯಬೇಕು. ದಿನಕ್ಕೆ 5 ಗ್ರಾಂಗಿಂತ ಕಡಿಮೆ ಎಂಬ ವಿಶ್ವ ಆರೋಗ್ಯ ಸಂಸ್ಥೆಯ ಮಿತಿ ಅದನ್ನೂ ಸೇರಿಸಿಯೇ. ವೈದ್ಯರೆದುರು ಕುಳಿತಾಗ ಪಂಪಿಂಗ್ ಎಷ್ಟಿದೆ ಎಂದಷ್ಟೇ ಕೇಳಿ ಏಳಬೇಡಿ, ತುಂಬಿಕೊಳ್ಳುವುದು ಹೇಗಿದೆ ಎಂದೂ ಕೇಳಿ.